ತಾಲೂಕಿಗೆಲ್ಲ ಒಂದೇ ಹೆಜ್ಜೆ

ಎರಡು ಸಾವಿರದ ಆರನೇ ಇಸವಿಯ ಗಣರಾಜ್ಯೋತ್ಸವಕ್ಕೆ ಕುಂದಾಪುರ ತಾಲೂಕಿನ ಸ್ತ್ರೀಶಕ್ತಿ ಸಂಘಗಳೆಲ್ಲ ಪೆರೇಡ್ ಮಾಡಬೇಕೆಂದು ಸುತ್ತೋಲೆ ಬಂತು. ಒಂದೇ ಬಣ್ಣದ ಸೀರೆ, ಒಂದೇ ಬಗೆಯ ತುರುಬು, ಒಂದೇ ಹೆಜ್ಜೆ. ಮೂಗುಬೊಟ್ಟೂ ಒಂದೇ ಇರಲಿ ಅನ್ನಲಿಲ್ಲವಲ್ಲ, ಪುಣ್ಯ!

ಆದರೆ ಉಪ್ಪುಂದದ ಮೀನು ಮಾರುವ ಹೆಂಗಸರ ಸಂಘದ ಅಧ್ಯಕ್ಷೆ ಜಲಜಳಿಗೆ ಆ ಕಾಗದ ಕಂಡು ಕಣ್ಣು ತುಂಬಿ ಬಂತು. ಮೂವತ್ತು ವರ್ಷದಿಂದ ಕುಂದಾಪುರಕ್ಕೆ ಮೀನು ಹೊತ್ತವಳು ಅವಳು. ಬಸ್ಸಿನಲ್ಲಿ ಹಿಂದಿನ ಸೀಟು, ಪೇಟೆಯಲ್ಲಿ ಚರಂಡಿ ಪಕ್ಕದ ಜಾಗ. ಅದೇ ಊರಿನ ಮೈದಾನದ ನಟ್ಟನಡುವೆ, ಎಲ್ಲರ ಕಣ್ಣೆದುರು ತಲೆಯೆತ್ತಿ ನಡೆಯುವುದೆಂದರೆ ಸಣ್ಣ ಮಾತೇ?

ತಾಲೀಮು ಶುರುವಾಯಿತು, ಮಾನ ಹೋಯಿತು. ಹದಿನಾರು ಜನರಲ್ಲಿ ಒಬ್ಬಳ ಹೆಜ್ಜೆಗೆ ಇನ್ನೊಬ್ಬಳ ಹೆಜ್ಜೆ ಕೂಡಲಿಲ್ಲ. ಕೈ ಬೀಸಿ ಎಂದರೆ ಆ ಕೈಗಳನ್ನು ಎಲ್ಲಿಡಬೇಕೆಂದೇ ಅವರಿಗೆ ತಿಳಿಯದು. ‘ಬಲಕ್ಕೆ ತಿರುಗಿ’ ಎಂದು ಕೂಗಿದ್ದೇ ತಡ, ಹದಿನಾರೂ ಜನ ಎಡಗೈ ಎತ್ತಿ ತಲೆಯ ಮೇಲೆ ಇಲ್ಲದ ಬುಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬೇರೆ ಸಂಘದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ತಾಲೀಮು ಮಾಡಿಸುತ್ತಿದ್ದ ಮೇಲ್ವಿಚಾರಕಿ ಸ್ನೇಹಲತಾ ಬ್ರಹ್ಮಾವರದವರು. ಮನೆಯಲ್ಲಿ ಏನೇ ಮಾತಾಡಲಿ, ಸೀಟಿ ಕೊರಳಿಗೆ ಬಿದ್ದರೆ ಅವರದು ಪುಸ್ತಕದ ಕನ್ನಡ. “ನಾಡಿದ್ದು ಕೊನೆಯ ತಾಲೀಮು. ಅವತ್ತೂ ಹೀಗಾದರೆ ನಿಮ್ಮ ಸಂಘವನ್ನು ಬಿಡಲೇಬೇಕಾಗುತ್ತದೆ, ಜಲಜಾ. ಇಡೀ ಸಾಲು ಕೆಡಬಾರದು.”

ವಾಪಸಾಗುವಾಗ ಬಸ್ಸಿನಲ್ಲಿ ಅದೇ ಸಂಘದ ವನಜ ಮುಖ ಊದಿಸಿಕೊಂಡಿದ್ದಳು. “ನಮ್ಗೆಲ್ಲ ಇದ್ ಎಂತಕೆ ಜಲಜಕ್ಕ? ನಾ ಇನ್ನ್ ಬತ್ತಿಲ್ಲೆ.”

ಆ ರಾತ್ರಿ ಜಲಜಳಿಗೆ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ದೋಣಿಗಳು ಬಂದವು. ಬುಟ್ಟಿಗೆ ಬಂಗುಡೆ ಮೀನು ತುಂಬಿಕೊಂಡು ಎಲ್ಲರೂ ಗದ್ದೆಯ ಅಂಚಿನ ಮೇಲೆ ಸಾಲಾಗಿ ಬಸ್‌ಸ್ಟ್ಯಾಂಡಿಗೆ ಹೊರಟರು. ಕೊನೆಯಲ್ಲಿದ್ದ ಜಲಜ ನೆಲ ನೋಡುತ್ತಾ ಬರುತ್ತಿದ್ದವಳು ಫಕ್ಕನೆ ನಿಂತಳು.

“ಹ್ವಾಯ್, ನಿಲ್ಲಿ! ನಿಮ್ ಕಾಲ್ ಒಂಚೂರ್ ಕಾಣಿ!”

“ಎಂತ ಆಯ್ತ್ ಜಲಜಕ್ಕ, ಮುಳ್ಳ್ ಹೆಟ್ಟಿತಾ?” ಎಂದಳು ವನಜ.

ಮುಳ್ಳೂ ಇಲ್ಲ, ಗಿಳ್ಳೂ ಇಲ್ಲ. ಹದಿನೈದು ಜನರ ಎಡಗಾಲು ಒಟ್ಟಿಗೇ ಮುಂದಿತ್ತು. ಆ ಇಕ್ಕಟ್ಟಿನ ಅಂಚಿನಲ್ಲಿ ಒಬ್ಬಳ ಹೆಜ್ಜೆ ತಪ್ಪಿದರೆ ಹಿಂದಿನವಳ ಬುಟ್ಟಿ ಗದ್ದೆಗೆ. ಸಣ್ಣ ಹುಡುಗಿಯರಾಗಿದ್ದಾಗಿನಿಂದ ಹಾಗೆ ನಡೆದವರು.

“ಬುಟ್ಟಿ ಇಲ್ದೆ ನಾವ್ ನಡೂಕೆ ಕಲ್ತದ್ದೇ ಇಲ್ಲೆ ಮಾರಾಯ್ತಿ!” ಎಂದು ಜಲಜ ಅಲ್ಲೇ ನಗತೊಡಗಿದಳು.

ಕೊನೆಯ ತಾಲೀಮಿಗೆ ಅವರು ಬುಟ್ಟಿ ತಿಕ್ಕಿ ತೊಳೆದು ಹೊತ್ತು ತಂದರು. ಖಾಲಿ ಬುಟ್ಟಿ ಅಲ್ಲಾಡುತ್ತದೆಂದು ತಳಕ್ಕೆ ಒದ್ದೆ ಮರಳು ತುಂಬಿದ್ದರು.

“ಇದೇನಿದು? ಬುಟ್ಟಿ ಸುತ್ತೋಲೆಯಲ್ಲಿಲ್ಲ,” ಎಂದರು ಸ್ನೇಹಲತಾ.

“ಒಂದೇ ಹೆಜ್ಜೆ ಅಂದೇಳಿ ಇತ್, ಅಲ್ದಾ ಅಮ್ಮ? ಹೆಜ್ಜೆ ಕಾಣಿ. ಸಮ ಇಲ್ದಿರೆ ನಾವೇ ಮನಿಗ್ ಹೋತ್,” ಎಂದಳು ಜಲಜ.

ಹದಿನಾರು ಜನ ಮೈದಾನ ಸುತ್ತಿದರು. ಎಡಗೈ ಬುಟ್ಟಿಗೆ, ಬಲಗೈ ಬೀಸು, ಕೊರಳು ನೆಟ್ಟಗೆ. ನಗುವುದಕ್ಕೆಂದು ಬಾಯಿ ತೆರೆದವರ ಬಾಯಿ ತೆರೆದೇ ಉಳಿಯಿತು. ಸ್ನೇಹಲತಾ ಸೀಟಿ ಊದುವುದನ್ನೇ ಮರೆತರು. ಕಡೆಗೆ, “ಮೇಲಿನವರು ಕೇಳಿದರೆ ನಾನು ಹೇಳಿಕೊಳ್ಳುತ್ತೇನೆ, ನೀವು ಹೀಗೇ ಬನ್ನಿ,” ಎಂದರು.

ಇಪ್ಪತ್ತಾರರಂದು ಉಪ್ಪುಂದದ ಸಾಲು ವೇದಿಕೆಯ ಮುಂದೆ ಬಂದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಮೀನು ಪೇಟೆಯ ಗಿರಾಕಿಗಳೆಲ್ಲ ಎದ್ದು ನಿಂತು ಜಲಜಳ ಹೆಸರು ಹಿಡಿದು ಕೂಗಿದರು. ಅವಳು ಅತ್ತಿತ್ತ ನೋಡಲಿಲ್ಲ. ಕಣ್ಣೀರು ಇಳಿದರೂ ಒರೆಸಲಿಲ್ಲ, ಹೆಜ್ಜೆ ತಪ್ಪೀತೆಂದು. ಮೊದಲ ಬಹುಮಾನ ಬೇರೆ ಯಾರಿಗೆ ಹೋದೀತು?

ಇಷ್ಟಕ್ಕೇ ಮುಗಿದಿದ್ದರೆ ಅದು ಸರಕಾರವೇ ಅಲ್ಲ. ಮರುವರ್ಷ ಹೊಸ ಸುತ್ತೋಲೆ ಬಂತು: ಏಕರೂಪತೆಯ ದೃಷ್ಟಿಯಿಂದ ತಾಲೂಕಿನ ಎಲ್ಲ ಸಂಘಗಳೂ ಕಡ್ಡಾಯವಾಗಿ ಬುಟ್ಟಿ ಹೊತ್ತು ನಡೆಯತಕ್ಕದ್ದು!

ಮುಂದಿನ ಭಾನುವಾರ ಸಂಜೆ ಉಪ್ಪುಂದದ ಕಡಲತಡಿಯಲ್ಲಿ ತ್ರಾಸಿ, ನಾವುಂದ, ಕುಂದಾಪುರ ಪೇಟೆ, ಎಲ್ಲ ಸಂಘದ ಹೆಂಗಸರು ಬುಟ್ಟಿ ಹಿಡಿದು ನಿಂತಿದ್ದರು. ಸ್ನೇಹಲತಾ ಕೂಡ ಚಪ್ಪಲಿ ಕಳಚಿಟ್ಟು, “ಜಲಜಕ್ಕ, ನಂಗೂ ಒಂಚೂರ್ ಹೇಳ್ಕೊಡಿ,” ಎಂದರು. ಜಲಜ ಅವರ ತಲೆಗೆ ಬಟ್ಟೆಯ ಸಿಂಬೆ ಇಟ್ಟು, ಮರಳಿನ ಬುಟ್ಟಿ ಹೊರಿಸಿ, ಗಲ್ಲ ಹಿಡಿದು ಮೇಲೆತ್ತಿದಳು.

“ಕೆಳ್ಗ್ ಕಾಂಬುಕಿಲ್ಲೆ ಅಮ್ಮ. ಮುಂದೆ ಕಾಣಿ.”

ಆಮೇಲೆ ಅವಳು ಮುಂದೆ ನಡೆದಳು. ಇಡೀ ತಾಲೂಕು ಅವಳ ಹಿಂದೆ ಬಂತು.