ಜಿಜೋ ಮುಂದೆ ಒಂದು ಸೀನು

ಘಾಟಿಯ ಕೊನೆಯ ಏರಿನಲ್ಲಿ ಎಲೆಕೋಸಿನ ಲಾರಿಯೊಂದು ಹಿಂದಿನಿಂದ ಹಾರ್ನ್ ಹೊಡೆದ ಭಾನುವಾರವೇ ಚಿಗುಸಾ ತೀರ್ಮಾನ ಮಾಡಿದ್ದಳು. ಅವಳ ಎರಡು ಸೀಟಿನ ಹಳೆಯ ಕಾರಿನ ಎಂಜಿನ್ ತಾನಾಗಿಯೇ ಗಾಳಿ ಎಳೆದುಕೊಳ್ಳುವಂಥದ್ದು. ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಅದಕ್ಕೆ ಏದುಸಿರು. ಟರ್ಬೊ ಎಂಬ ಗಾಳಿಚಕ್ರ ಹಾಕಿಸಿದರೆ ಗಾಳಿಯನ್ನು ಒತ್ತಿ ತುಂಬಬಹುದು.

ಗ್ಯಾರೇಜಿನ ಇಸೊಬೆ ಅವಳ ಜೊತೆ ಶಾಲೆಯಲ್ಲಿ ಓದಿದವನು. ಎಂಜಿನ್ನಿನ ತಲೆ ಬಿಚ್ಚಿ ದಪ್ಪನೆಯ ಗ್ಯಾಸ್ಕೆಟ್ ಕೂರಿಸಿದ, ಟರ್ಬೊಗೆ ಆಯಿಲ್ ಪೈಪು ಎಳೆದ, ಪೆಟ್ರೋಲಿನ ಅಳತೆಯನ್ನು ಲ್ಯಾಪ್‌ಟಾಪಿನಲ್ಲಿ ತಿದ್ದಿದ. ಕೊನೆಯ ಬೋಲ್ಟು ಬಿಗಿಯುವಾಗ ಹೇಳಿದ:

“ಹಳೇ ದನಿ ಇರಲ್ಲ ಕಣೇ. ಹೊಗೆ ಹೋಗೋ ದಾರೀಲೇ ಚಕ್ರ ಕೂತಿದೆ. ಅರ್ಧ ಸದ್ದು ಅದೇ ನುಂಗುತ್ತೆ.”

“ಈಗ ಹೇಳ್ತಿದೀಯಲ್ಲೋ ಪುಣ್ಯಾತ್ಮ!”

“ಯಾಕೆ, ಕಾರಿನ ಹಾಡು ಕೇಳ್ಕೊಂಡೇ ಮಲಗ್ತಿದ್ಯಾ?”

ಆ ಹಾಡು ಕೇಳುತ್ತಿದ್ದದ್ದು ಅವಳ ಅಮ್ಮ. ಘಾಟಿಯ ನೆತ್ತಿಯಲ್ಲಿ ಅಮ್ಮ ಕಿನುಯೊಳದೊಂದು ಸೋಬಾ ಶ್ಯಾವಿಗೆಯ ಅಂಗಡಿ. ಪ್ರತಿ ಭಾನುವಾರ ದಾರಿಹೋಕರನ್ನು ಕಾಯುವ ಕಲ್ಲುದೇವರು ಜಿಜೋ ನಿಂತ ತಿರುವಿನಲ್ಲಿ ಮಗಳ ಕಾರಿನ ಸದ್ದು ಕಿವಿಗೆ ಬಿದ್ದದ್ದೇ ಶ್ಯಾವಿಗೆಯನ್ನು ಕುದಿನೀರಿಗೆ ಬಿಡುತ್ತಿದ್ದಳು. ಮಗಳು ಬಂದು ಕೂರುವುದಕ್ಕೂ ಬಟ್ಟಲು ಬರುವುದಕ್ಕೂ ಸರಿಹೋಗುತ್ತಿತ್ತು. “ಯಾವಾಗ ಬರ್ತೀಯ” ಎಂದು ಅವಳು ಒಮ್ಮೆಯೂ ಕೇಳಿದವಳಲ್ಲ. ಕಾಯುತ್ತಿದ್ದೆ ಎಂದು ಹೇಳಿದವಳೂ ಅಲ್ಲ. ಅದನ್ನೆಲ್ಲ ಆ ಬಟ್ಟಲೇ ಹೇಳುತ್ತಿತ್ತು. ಇನ್ನು ಮುಂದೆ ತಾನೂ ದಾರಿಹೋಕರ ಹಾಗೆ ಬಾಗಿಲು ಸರಿಸಿ, ಏನು ಬೇಕೆಂದು ಹೇಳಿ ಕೂರಬೇಕೇನೋ ಎಂದುಕೊಂಡಳು ಚಿಗುಸಾ.

ಭಾನುವಾರ ಕಾರು, ಯಾರೋ ಬೆನ್ನಿಗೆ ಅಂಗೈ ಕೊಟ್ಟು ದೂಡಿದಂತೆ ಏರು ಹತ್ತಿತು. ಎಲೆಕೋಸಿನ ಲಾರಿಯನ್ನು ಹಿಂದೆ ಹಾಕಿ ಚಿಗುಸಾ ಒಬ್ಬಳೇ ಕೇಕೆ ಹಾಕಿದಳು. ತಿರುವಿನಲ್ಲಿ ಕೆಂಪು ಎದೆಬಟ್ಟೆ ಕಟ್ಟಿಕೊಂಡ ಕಲ್ಲಿನ ಜಿಜೋ ಎದುರಾದಾಗ ಎಂದಿನಂತೆ ಆಕ್ಸಿಲರೇಟರಿನಿಂದ ಕಾಲೆತ್ತಿ ತಲೆ ಬಾಗಿಸಿದಳು. ಒತ್ತಿ ತುಂಬಿದ್ದ ಗಾಳಿ ‘ಪ್ಶ್ಶ್’ ಎಂದು ಹೊರಗೆ ಹಾರಿತು. ದೇವರ ಮುಖಕ್ಕೇ ಸೀನಿದಂತಾಗಿ, “ತಪ್ಪಾಯ್ತಪ್ಪಾ” ಎಂದಳು.

ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಆದರೂ ಒಲೆಯ ಮೇಲೆ ಶ್ಯಾವಿಗೆ ಸುತ್ತುತ್ತಿತ್ತು.

“ಇನ್ನೂ ಬೆಂದಿಲ್ಲ ಕಣೇ!” ಅಮ್ಮ ತಿರುಗದೆಯೇ ಗದರಿದಳು. “ಹಾರ್ಕೊಂಡು ಬಂದ್ಯಾ?”

“ನಾನೇ ಅಂತ ಹೆಂಗಮ್ಮ ಗೊತ್ತಾಯ್ತು? ದನಿ ಪೂರ್ತಿ ಬದಲಾಗಿದೆ.”

“ದನಿಯಂತೆ! ಕೆಟಲ್ ಥರ ಶಿಳ್ಳೆ ಹೊಡ್ಕೊಂಡು ಬರ್ತಿತ್ತು. ಯಾವನೋ ಪಡ್ಡೆ ಹುಡುಗ ಅಂದ್ಕೊಂಡೆ. ಆಮೇಲೆ ಜಿಜೋ ಹತ್ರ ಸೀನ್ತು.”

“ಅದಕ್ಕೆ?”

“ಪಡ್ಡೆ ಹುಡುಗ್ರು ಅಲ್ಲಿ ಆಕ್ಸಿಲರೇಟರಿಂದ ಕಾಲೆತ್ತುತ್ತಾರೇನೇ? ಎಂಜಿನ್ ಬದಲಾಯಿಸ್ಬೋದು, ನಿನ್ ಕಾಲು ಬದಲಾಗುತ್ತಾ?” ಅಮ್ಮ ಚಾಪ್‌ಸ್ಟಿಕ್‌ನಲ್ಲಿ ಶ್ಯಾವಿಗೆ ಕೆದಕಿದಳು. “ಮುಂದಿನ ವಾರ ಒಂದು ತಿರುವು ಕೆಳಗೇ ಸೀನು. ಬೇಯೋಕೆ ಸರಿಹೋಗುತ್ತೆ.”

“ಅಲ್ಲಿ ಜಿಜೋ ಇಲ್ಲವಲ್ಲಮ್ಮ.”

“ಹಂಗಾದ್ರೆ ಬಾ ಇಲ್ಲಿ, ಬೇಯೋವರೆಗೂ ನೀನೇ ಕಾಯಿ.”

ಚಿಗುಸಾ ಕಟ್ಟೆ ದಾಟಿ ಒಲೆಯ ಪಕ್ಕಕ್ಕೆ ಹೋದಳು. ಅಮ್ಮ ಅವಳ ಕೈಗೊಂದು ಚಾಕು, ಒಂದು ಹಿಡಿ ಈರುಳ್ಳಿ ಸೊಪ್ಪು ಕೊಟ್ಟು, ಅವಳು ನಿಲ್ಲಲೆಂದು ಸ್ವಲ್ಪ ಅತ್ತ ಸರಿದಳು.