ಮರ್ಯಾದೆಯ ಹೊಗೆ

ಶಾಹೀನಳಿಗೆ ತಲೆ ಕೆಟ್ಟುಹೋಗಿತ್ತು. ನಾಳೆ ಬೆಳಿಗ್ಗೆ ಗೈಡ್ ಬಂದು ಫಲಿತಾಂಶ ಕೇಳುತ್ತಾರೆ. ತೋರಿಸದಿದ್ದರೆ ಎರಡು ವರ್ಷದ ಸಂಶೋಧನೆಯ ಗಂಟುಮೂಟೆ ಕಟ್ಟಬೇಕು. ವಿಷಯವೇನೋ ಸರಳ. ಸಿಗರೇಟಿನ ಹೊಗೆಯಲ್ಲಿ ಫ್ರೀ ರ‍್ಯಾಡಿಕಲ್ ಎಂಬ ಪುಂಡ ಕಣಗಳಿರುತ್ತವೆ, ಮೈಯೊಳಗೆ ಹೊಕ್ಕರೆ ಸಿಕ್ಕಿದ್ದನ್ನೆಲ್ಲ ಕೆಡಿಸುತ್ತವೆ. ಅವು ತಾಗಿದರೆ ಪ್ರಯೋಗಾಲಯದ ಗಾಜಿನ ನಳಿಕೆಯ ದ್ರಾವಣ ನೀಲಿ ದೀಪದ ಕೆಳಗೆ ಹಸಿರಾಗಿ ಹೊಳೆಯಬೇಕು. ಒಂದು ನಳಿಕೆ ಹೊಗೆಗೆ. ಇನ್ನೊಂದು ಹೋಲಿಕೆಗೆಂದು ಪಕ್ಕದ ಸಾಮಾನಿನ ಕೋಣೆಯಲ್ಲಿ, ಶುದ್ಧ ಗಾಳಿಗೆ.

ಹೊಳೆಯುತ್ತಿದ್ದುದು ಶುದ್ಧ ಗಾಳಿಯದು! ಒಂದಲ್ಲ, ಮೂರು ಸಲ. ಹೊಗೆಯ ನಳಿಕೆ ಏನೂ ಅರಿಯದಂತೆ ಕೂತಿತ್ತು. ದ್ರಾವಣ ಬದಲಿಸಿದಳು, ದೀಪ ಬದಲಿಸಿದಳು, ವಿಜಯಪುರದ ಧೂಳಿಗೂ ಬೈದಳು.

ಸಿಗರೇಟು ಎಳೆಯುವ ಯಂತ್ರ ಕೆಟ್ಟಿದ್ದರಿಂದ ಆ ಕೆಲಸ ಅಟೆಂಡರ್ ಗೊಲ್ಲಾಳಪ್ಪನದು. ಹೇಗೂ ದಿನಾ ಸೇದುವವನು, ನಳಿಕೆಗೆ ಜೋಡಿಸಿದ ಕೊಳವೆಗೆ ಹೊಗೆ ಬಿಟ್ಟರಾಯಿತು. "ಅಕ್ಕಾರ, ಆ ಕಡೆ ಮಾರಿ ಮಾಡ್ರಿ," ಎಂದು ಪ್ರತಿ ಸಲವೂ ನಾಚುತ್ತಿದ್ದ. ಅವಳೂ ತಿರುಗಿ ಕೂರುತ್ತಿದ್ದಳು.

ನಾಲ್ಕನೇ ಸಲ ಥಟ್ಟನೆ ಹಿಂದೆ ನೋಡಿದರೆ ಕುರ್ಚಿ ಖಾಲಿ. ಪುಣ್ಯಾತ್ಮ ಸಾಮಾನಿನ ಕೋಣೆಯಲ್ಲಿ, ಶುದ್ಧ ಗಾಳಿಯ ನಳಿಕೆಯ ಪಕ್ಕದಲ್ಲೇ ನಿಂತು ದಮ್ಮು ಎಳೆಯುತ್ತಿದ್ದ!

"ಏನ್ ಹಚ್ಚೀರಿ ಅಣ್ಣಾ ಇದು?" ಶಾಹೀನ ಕಿರುಚಿಯೇಬಿಟ್ಟಳು. ಆ ನಳಿಕೆಯನ್ನು ತಂದು ದೀಪದ ಕೆಳಗೆ ಹಿಡಿದಳು. ಹಚ್ಚ ಹಸಿರು. "ನೋಡ್ರಿ! ಸೇದಿದವ್ರು ನೀವು. ಇದು ಬಾಜೂಕ ಸುಮ್ಮ ನಿಂತಿತ್ತು, ಅಷ್ಟ!"

"ನಿಮ್ಮ ಮುಂದ ಹೆಂಗ ಸೇದೂದ್ರಿ ಅಕ್ಕಾರ? ನಮ್ಮವ್ವನ ಮುಂದ ಇವತ್ತಿಗೂ ಸೇದಿಲ್ಲ."

"ಮತ್ತ ಮನ್ಯಾಗ ಎಲ್ಲಿ ಸೇದ್ತೀರಿ?"

"ಒಳಗಿನ ಖೋಲ್ಯಾಗ್ರಿ, ಬಾಗಲಾ ಹಾಕ್ಕೊಂಡು," ಎಂದ, ಹೆಮ್ಮೆಯಿಂದಲೇ. "ಅವ್ವಗ ವಾಸನಿ ಸೈತ ಹೋಗಾಕ ಬಿಡೂದಿಲ್ಲ. ಅಲ್ಲಿ ಇರಾಕಿ ನನ್ನ ಹೇಣ್ತಿ ಕಸ್ತೂರಿ ಒಬ್ಬಾಕಿ, ಮತ್ತ ತೊಟ್ಟಲದಾಗ ಕೂಸು…"

ಅವನು ನಳಿಕೆಯನ್ನೇ ನೋಡುತ್ತಿದ್ದ.

"ಅಕ್ಕಾರ, ಇದನ್ನ ಎಷ್ಟೊತ್ತು ಇಟ್ಟಿದ್ರಿ ಅಲ್ಲಿ?"

"ಹತ್ತು ನಿಮಿಷ."

ಗೊಲ್ಲಾಳಪ್ಪ ಕೈಯಲ್ಲಿದ್ದ ಸಿಗರೇಟು ಆರಿಸಿದ.

"ಕೂಸಿಗೆ ನಾಕ ತಿಂಗಳಾತ್ರಿ," ಎಂದ.