ಸರ್ಜೊನೊನ ಚಹಾಕ್ಕೆ ಯಾವ ನೀರು

ನಮ್ಮ ಗುನುಂಗ್ ಕಿದುಲ್ ಸೀಮೆಯ ನೆಲವೆಲ್ಲ ಸುಣ್ಣದ ಕಲ್ಲು. ಆ ಕಲ್ಲಿನ ಒಳಗಿಂದ ಬರುವ ನೀರು ನೋಡುವುದಕ್ಕೇನೋ ತಿಳಿ, ಕಾಯಿಸಿದಾಗಲೇ ಅದರ ಬಣ್ಣ ಬಯಲಾಗುವುದು. ಕೆಟಲಿನ ಒಳಗೆ ದಪ್ಪ ಬಿಳಿ ಪರೆ ಕಟ್ಟುತ್ತದೆ, ಚಹಾದ ಮೇಲೆ ಮಂಕಾದ ಪೊರೆ ತೇಲುತ್ತದೆ. ನಮ್ಮತ್ತೆ ಪೈಕೆಮ್ ಆ ಪರೆಯನ್ನು ಯಾರಿಗೂ ಕೆರೆಯಲು ಬಿಡುತ್ತಿರಲಿಲ್ಲ. ಹಳೆಯ ಸುಣ್ಣವೇ ಹೊಸ ಸುಣ್ಣವನ್ನು ಎಳೆದುಕೊಂಡು ನೀರನ್ನು ಶುದ್ಧ ಮಾಡುತ್ತದೆ ಎಂದು ಅವರ ನಂಬಿಕೆ. ಮದುವೆಯಾಗಿ ಬಂದ ಹೊಸದರಲ್ಲಿ ಆ ಕೆಟಲನ್ನು ಉಜ್ಜಿ ಫಳಫಳ ಮಾಡಿಟ್ಟು, ಭೇಷ್ ಅನ್ನಿಸಿಕೊಳ್ಳುವ ಬದಲು ವಾರವಿಡೀ ಬೈಸಿಕೊಂಡಿದ್ದೆ.

ಹೋದ ವರ್ಷ ನನ್ನ ಗಂಡ ಸರ್ಜೊನೊ ತೀರಿಕೊಂಡ. ಎರಡೂ ಕಿಡ್ನಿಯಲ್ಲಿ ಕಲ್ಲು. ನೀರೇ ಕಾರಣವೇ ಎಂದು ಕೇಳಿದ್ದಕ್ಕೆ ಡಾಕ್ಟರು, ಹೌದೆಂದೂ ಹೇಳಲಾಗದು, ಅಲ್ಲವೆಂದೂ ಹೇಳಲಾಗದು ಎಂದರು. ಇಷ್ಟು ಕೇಳುವುದಕ್ಕೆ ಎರಡು ಬಸ್ಸು ಬದಲಾಯಿಸಿ ಹೋಗಿದ್ದೆ. ನಾನಂತೂ ನೀರೇ ಎಂದು ತೀರ್ಮಾನಿಸಿಬಿಟ್ಟೆ. ಮಗಳು ಲಾರಸ್ ಇನ್ನೂ ಚಿಕ್ಕವಳು. ಅವಳು ಲೋಟ ಬಾಯಿಗೆ ಎತ್ತಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

ನಮ್ಮದು ಎರಡೇ ಕೋಣೆಯ ಮನೆ. ನೀರಿಗೆ ಏನು ಮಾಡುವುದೆಂದು ತಲೆ ಕೆಡಿಸಿಕೊಂಡೆ. ಮಳೆನೀರಿನ ತೊಟ್ಟಿ ಇದೆ, ಆದರೆ ಬೇಸಿಗೆಯ ನಡುವಿಗೇ ಅದರ ತಳ ಕಾಣುತ್ತದೆ. ಕ್ಯಾನಿನ ನೀರು ಮಾರುವವನು ನಮ್ಮ ಏರುದಾರಿ ನೋಡಿದರೆ ಮೂಗು ಮುರಿಯುತ್ತಾನೆ. ಕಾಯಿಸಿ, ಆರಿಸಿ, ಮೇಲಿನ ತಿಳಿ ಬಗ್ಗಿಸಿಕೊಳ್ಳುವ ಕೆಲಸವನ್ನು ಅತ್ತೆ ಜೀವಮಾನವಿಡೀ ಮಾಡಿದ್ದರು; ಏನು ಉಪಯೋಗವಾಯಿತು? ಉಳಿದದ್ದು ಸುಣ್ಣ ಹೀರುವ ಹರಳು ತುಂಬಿದ ಯಂತ್ರ. ಆಗಾಗ ಅದನ್ನು ಉಪ್ಪುನೀರಿನಲ್ಲಿ ತೊಳೆಯಬೇಕು, ಅಷ್ಟೆ. ಇಡಲು ಜಾಗ ಮಾತ್ರ ಒಲೆಯ ಪಕ್ಕದ ಮೂಲೆ ಬಿಟ್ಟರೆ ಇನ್ನೊಂದಿರಲಿಲ್ಲ. ಅದು ಅತ್ತೆ ಚಾಪೆ ಹಾಸಿಕೊಂಡು ಕೂರುವ ಮೂಲೆ.

ಅತ್ತೆ ಸುತರಾಂ ಒಪ್ಪಲಿಲ್ಲ. "ಇದೇ ನೀರು ಕುಡ್ದು ನಾನು ಎಪ್ಪತ್ತು ದಾಟಿಲ್ವಾ?" ಎಂದರು.

ನಾನೂ ಬಾಯಿ ಮುಚ್ಚಿಕೊಂಡಿರುವವಳಲ್ಲ. "ನಿಮ್ ಮಗ ದಾಟಿದ್ನಾ, ಸಿಂಬೊಕ್?" ಎಂದು, ಅಮ್ಮ ಎಂದು ಕರೆಯುತ್ತಲೇ, ಅಂದುಬಿಟ್ಟೆ.

ಅವರು ಚಾಪೆ ಸುತ್ತಿಕೊಂಡು ಬಾಗಿಲ ಬಳಿಗೆ ಹೋಗಿ ಕೂತರು. ಯಂತ್ರಕ್ಕೆ ಹೂಂ ಎಂದರೆ, ಹೆತ್ತ ಮಗನಿಗೆ ತನ್ನ ಕೈಯಾರೆ ವಿಷ ಕುಡಿಸಿದೆ ಎಂದು ಒಪ್ಪಿಕೊಂಡ ಹಾಗೆ. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಅರ್ಥವಾಗಿಯೂ, ಮಗಳ ಮುಖ ನೋಡಿ, ಯಂತ್ರ ತರಿಸಿದೆ.

ಅಂದಿನಿಂದ ಒಂದೇ ಒಲೆಗೆ ಎರಡು ಕೆಟಲು. ನನಗೂ ಲಾರಸ್‌ಗೂ ಯಂತ್ರದ ನೀರು, ಅತ್ತೆಗೆ ಅದೇ ಸುಣ್ಣದ ನೀರು. ನಮ್ಮ ಕಡೆ ಗುರುವಾರ ಮುಸ್ಸಂಜೆ ಸತ್ತವರು ಮನೆಗೆ ಬಂದು ಹೋಗುತ್ತಾರೆ. ಮಗನಿಗೆಂದು ಅತ್ತೆ ಸಕ್ಕರೆ ಜಾಸ್ತಿ ಹಾಕಿದ ಚಹಾ ಮಾಡಿ, ಲವಂಗದ ಸಿಗರೇಟಿನ ಜೊತೆ ಇಡುತ್ತಿದ್ದರು. ಅದೂ ಅವರ ಕೆಟಲಿನದೇ. ಅವನಿಗೆ ಒಗ್ಗಿದ್ದ ರುಚಿ ಅದು, ನಾನು ತಲೆ ಹಾಕಲಿಲ್ಲ.

ಮೊನ್ನೆ ಗುರುವಾರ ಅತ್ತೆ ಯಂತ್ರದ ಮುಂದೆ ನಿಂತು ನಲ್ಲಿಯನ್ನು ಉಲ್ಟಾ ತಿರುಗಿಸುತ್ತಿದ್ದರು. ನಾನು ಹೋಗಿ ತಿರುಗಿಸಿಕೊಟ್ಟೆ. ನನ್ನ ಕೆಟಲಿನಲ್ಲಿ ಅವರೇ ನೀರು ಕಾಯಿಸಿ ಮಗನ ಲೋಟಕ್ಕೆ ಚಹಾ ಬಗ್ಗಿಸಿದರು. ಪೊರೆಯಿಲ್ಲದ ಕೆಂಪು ಚಹಾದಲ್ಲಿ ಲೋಟದ ತಳ ಕಾಣುತ್ತಿತ್ತು. ಅದನ್ನೇ ಬಹಳ ಹೊತ್ತು ನೋಡಿದರು.

"ಅಲ್ಲಿಗೆ ಹೋದ್ಮೇಲಾದ್ರೂ ಅವ್ನು ಕಲ್ಲು ಕುಡಿಯೋದು ಬೇಡ, ಗೆಂಡುಕ್," ಎಂದರು. ಜಗಳವಾದಂದಿನಿಂದ ಅವರು ನನ್ನನ್ನು ಮಗಳೇ ಎಂದು ಕರೆದಿರಲಿಲ್ಲ.

ಈ ಮಾತು ಅವರ ಬಾಯಿಂದ ಬರಲೆಂದು ಎಷ್ಟು ಕಾದಿದ್ದೆ. ಬಂದಾಗ ಎದೆ ಒಡೆದು ಹೋಯಿತು. ನೀರಿಂದ ಅಲ್ಲ ಸಿಂಬೊಕ್, ಡಾಕ್ಟರು ಹಾಗೆ ಹೇಳಲೇ ಇಲ್ಲ ಎಂದು ಅಳುತ್ತಾ ಹೇಳಿದೆ. ಸಣ್ಣ ಮಕ್ಕಳ ಮಾತಿಗೆ ಆಡಿಸುವ ಹಾಗೆ ಅವರು ತಲೆಯಾಡಿಸಿದರು.

ಅದೇ ಚಹಾವನ್ನು ಅವರಿಗೂ ಒಂದು ಲೋಟ ತಂದುಕೊಟ್ಟೆ. ಅದನ್ನು ಲಾರಸ್ ಕಡೆಗೆ ಸರಿಸಿ, ತಮ್ಮ ಕೆಟಲಿನಿಂದ ಬಗ್ಗಿಸಿಕೊಂಡರು.

"ನಂಗೆ ಇದೇ ಇರ್ಲಿ. ಮೊಲೆ ಬಿಡ್ಸಿದ ದಿನದಿಂದ ಅವ್ನಿಗೆ ನಾನು ಕುಡಿಸಿದ್ದು ಇದನ್ನೇ."

ಹೇಳಿ, ಕುಡಿದು ಮುಗಿಸಿ, ಇನ್ನೊಂದು ಲೋಟ ಬಗ್ಗಿಸಿಕೊಂಡರು.